ಕಣ್ಕಟ್ಟೂ ಕಣ್ಪಟ್ಟಿಯೂ

೧

ಕನ್ನಡದಲ್ಲಿ ‘ಕಣ್ಕಟ್ಟು’ ಎಂಬ ಮಾತಿಗೆ ಇಂದ್ರಜಾಲವೆಂದು ಅರ್ಥ. ಜಾತ್ರೆಯಲ್ಲಿ ಗಾರುಡಿಗನು ಬರಿಗೈಯಿಂದ ನಾಣ್ಯಗಳನ್ನು ಉದುರಿಸುವಾಗ ನೋಡುವವರ ಕಣ್ಣುಗಳು ತೆರೆದೇ ಇರುತ್ತವೆ. ಆದರೂ ಅವು ಕಟ್ಟಲ್ಪಟ್ಟಿವೆಯೆಂದು ನಮ್ಮ ಹಿರಿಯರು ಹೇಳಿದರು. ತೆರೆದ ಕಣ್ಣೂ ಮೋಸಹೋಗಬಲ್ಲುದೆಂಬ ತಿಳಿವಳಿಕೆಯು ಈ ಒಂದು ಪದದಲ್ಲಿಯೇ ಅಡಗಿದೆ. ‘ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆಯೂ ಅದನ್ನೇ ಸಾರುತ್ತದೆ. ಆದರೆ ಪರಾಂಬರಿಸುವುದು ಹೇಗೆ? ನೋಡುವ ಸಾಧನವೇ ಸಂದೇಹಕ್ಕೆ ಗುರಿಯಾದಾಗ ಬೇರೆ ಯಾವ ಸಾಧನದಿಂದ ಅದನ್ನು ಶೋಧಿಸಬೇಕು? ಈ ಪ್ರಶ್ನೆಗೆ ವೈದ್ಯಶಾಸ್ತ್ರವು ಕಂಡುಕೊಂಡ ಉತ್ತರವು ಮೊದಲ ಕೇಳ್ವಿಗೆ ವಿಚಿತ್ರವಾಗಿಯೇ ತೋರುವುದು. ಕಣ್ಕಟ್ಟು ಬಿಡಬೇಕಾದರೆ ಕಣ್ಣಿಗೆ ಪಟ್ಟಿಯನ್ನು ಕಟ್ಟಬೇಕು ಎಂಬುದೇ ಆ ಉತ್ತರ.

ಇಂದು ಹೊಸದೊಂದು ಔಷಧವನ್ನು ಪರೀಕ್ಷಿಸುವಾಗ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಆ ಔಷಧವನ್ನೂ, ಇನ್ನೊಂದಕ್ಕೆ ರೂಪ ಬಣ್ಣ ರುಚಿಗಳಲ್ಲಿ ಅದನ್ನೇ ಹೋಲುವ, ಆದರೆ ಔಷಧಾಂಶವಿಲ್ಲದ ಹುಸಿಮದ್ದನ್ನೂ ಕೊಡುವುದುಂಟು. ಯಾರಿಗೆ ಯಾವುದು ದೊರೆಯಿತೆಂಬುದು ರೋಗಿಗೂ ತಿಳಿಯದು, ಕೊಡುವ ವೈದ್ಯನಿಗೂ ತಿಳಿಯದು. ಪರೀಕ್ಷೆಯು ಮುಗಿದ ಮೇಲೆಯೇ ಗುಟ್ಟಿನ ಪಟ್ಟಿಯನ್ನು ಬಿಚ್ಚಿ ನೋಡುವರು. ಇದಕ್ಕೆ ‘ಡಬಲ್ ಬ್ಲೈಂಡ್’ ಪರೀಕ್ಷೆಯೆಂದು ಹೆಸರು. ಉಭಯಾಂಧ ಪರೀಕ್ಷೆಯೆಂದು ನಾವು ಕರೆಯಬಹುದು. ಲೋಕದಲ್ಲಿ ಅಜ್ಞಾನವನ್ನು ಕಳೆಯಲು ಹೊರಟ ಶಾಸ್ತ್ರವು ತಾನಾಗಿ ಅಜ್ಞಾನವನ್ನು ವರಿಸಿಕೊಂಡ ಈ ಪದ್ಧತಿಯು ಒಂದೇ ದಿನ ಹುಟ್ಟಿದುದಲ್ಲ. ಅದರ ಹಿಂದೆ ಎರಡು ಶತಮಾನಗಳಿಗೆ ಮಿಕ್ಕ ಚರಿತ್ರೆಯಿದೆ. ರೋಗಿಯ ಕಣ್ಣನ್ನು ಕಟ್ಟುವುದು ಸುಲಭವಾಯಿತು. ವೈದ್ಯನು ತನ್ನ ಕಣ್ಣನ್ನು ಕಟ್ಟಿಕೊಳ್ಳುವುದಕ್ಕೆ ಬಹುಕಾಲ ಹಿಡಿಯಿತು. ಆ ಚರಿತ್ರೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

೨

ಫ್ರಾಂಟ್ಸ್ ಆಂಟನ್ ಮೆಸ್ಮರ್ ಎಂಬಾತನು ೧೭೩೪ರಲ್ಲಿ ಕಾನ್‌ಸ್ಟನ್ಸ್ ಸರೋವರದ ತೀರದಲ್ಲಿರುವ ಇಜ್‌ನಾಂಗ್ ಎಂಬ ಹಳ್ಳಿಯಲ್ಲಿ ಜನಿಸಿದನು. ವಿಯೆನ್ನಾ ನಗರದಲ್ಲಿ ವೈದ್ಯವಿದ್ಯೆಯನ್ನು ಕಲಿತು, ಗ್ರಹಗಳು ಮಾನವಶರೀರದ ಮೇಲೆ ಬೀರುವ ಪ್ರಭಾವವನ್ನು ಕುರಿತು ೧೭೬೬ರಲ್ಲಿ ಪ್ರಬಂಧವನ್ನು ಬರೆದು ಪದವಿಯನ್ನು ಪಡೆದನು. ವಿಶ್ವವನ್ನೆಲ್ಲ ತುಂಬಿ ಹರಿಯುವ ಅತಿಸೂಕ್ಷ್ಮವಾದ ದ್ರವವೊಂದುಂಟೆಂದೂ, ಅದು ಮನುಷ್ಯನ ನರಗಳಲ್ಲಿ ತಡೆಯಿಲ್ಲದೆ ಸಂಚರಿಸಿದರೆ ಆರೋಗ್ಯ, ತಡೆದು ನಿಂತರೆ ರೋಗವೆಂದೂ ಅವನು ನಂಬಿದನು. ಸೂಜಿಗಲ್ಲು ಕಬ್ಬಿಣವನ್ನು ಸೆಳೆಯುವಂತೆ, ಸಾಧನೆಯುಳ್ಳ ವೈದ್ಯನು ತನ್ನ ಕೈಯ ಚಲನೆಯಿಂದಲೇ ಈ ದ್ರವವನ್ನು ರೋಗಿಯ ದೇಹದಲ್ಲಿ ಹರಿಯಿಸಬಲ್ಲನೆಂಬುದು ಅವನ ಸಿದ್ಧಾಂತ. ಇದಕ್ಕೆ ‘ಪ್ರಾಣಿಗತವಾದ ಅಯಸ್ಕಾಂತಶಕ್ತಿ’ ಎಂದು ಹೆಸರಿಟ್ಟನು.

೧೭೭೮ರಲ್ಲಿ ಮೆಸ್ಮರನು ಪ್ಯಾರಿಸ್ಸಿಗೆ ಬಂದನು. ಕೆಲವೇ ವರ್ಷಗಳಲ್ಲಿ ಆ ರಾಜಧಾನಿಯು ಅವನ ಬಾಗಿಲಿಗೆ ಮುಗಿಬಿದ್ದಿತು. ಅವನ ಚಿಕಿತ್ಸಾಮಂದಿರದ ನಡುವೆ ಓಕ್ ಮರದ ದೊಡ್ಡದೊಂದು ತೊಟ್ಟಿ. ಅದರೊಳಗೆ ಸೀಸೆಗಳು, ನೀರು, ಕಬ್ಬಿಣದ ಪುಡಿ. ಮುಚ್ಚಳದ ರಂಧ್ರಗಳಿಂದ ಹೊರಟ ಬಾಗಿದ ಕಬ್ಬಿಣದ ಸರಳುಗಳನ್ನು ಸುತ್ತಲೂ ಕುಳಿತ ರೋಗಿಗಳು ತಮ್ಮ ತಮ್ಮ ನೋವಿನ ಎಡೆಗೆ ಒತ್ತಿಕೊಳ್ಳುವರು. ಒಬ್ಬರಿಂದೊಬ್ಬರಿಗೆ ಹಗ್ಗವನ್ನು ಸುತ್ತಿ ಎಲ್ಲರನ್ನೂ ಒಂದಾಗಿ ಬಂಧಿಸುವರು. ಮಂದವಾದ ಬೆಳಕು, ದಟ್ಟವಾದ ತೆರೆಗಳು, ಮೆಲುವಾದ ಸಂಗೀತ. ಹೀಗೆ ಸ್ವಲ್ಪ ಹೊತ್ತು ಕಳೆದ ಮೇಲೆ ಯಾರೋ ಒಬ್ಬರು ಕೆಮ್ಮುವರು, ಇನ್ನೊಬ್ಬರು ನಗುವರು, ಮತ್ತೊಬ್ಬರು ಅಳುವರು. ಕೊನೆಗೆ ಕೆಲವರಿಗೆ ಮೈಯೆಲ್ಲ ನಡುಗಿ, ಸೆಡೆತು, ಪ್ರಜ್ಞೆ ತಪ್ಪುವುದು. ನಮ್ಮ ಹಳ್ಳಿಗಳಲ್ಲಿ ‘ಮೈಮೇಲೆ ಬರುವುದು’ ಎನ್ನುತ್ತಾರಲ್ಲ, ಅದನ್ನು ಹೋಲುವ ಈ ಸ್ಥಿತಿಯೇ ರೋಗವು ತಿರುಗುವ ಸಂಧಿಯೆಂದು ಮೆಸ್ಮರನು ಬೋಧಿಸಿದನು. ಎಚ್ಚತ್ತವರಲ್ಲಿ ಅನೇಕರು ತಮಗೆ ಗುಣವಾಯಿತೆಂದು ಹೇಳಿದರು.

ಇಲ್ಲಿ ಒಂದು ವಿಷಯವನ್ನು ಮರೆಯಲಾಗದು. ಹೀಗೆ ಹೇಳಿದವರು ಸುಳ್ಳುಗಾರರಲ್ಲ. ಅವರಿಗೆ ಮೈ ನಡುಗಿದುದು ನಿಜ, ನೋವು ಶಮನವಾದುದೂ ನಿಜ. ಮೆಸ್ಮರನಾದರೂ ತನ್ನ ಸಿದ್ಧಾಂತವನ್ನು ತಾನು ನಂಬಿಯೇ ಇದ್ದನು. ಅವನ ಮುಖ್ಯ ಶಿಷ್ಯನಾದ ಷಾರ್ಲ್ ದೆಲಾನ್ ಎಂಬಾತನು ಪ್ಯಾರಿಸ್ಸಿನ ವೈದ್ಯಸಂಸ್ಥೆಯ ಸದಸ್ಯನು, ದೊರೆಯ ತಮ್ಮನಿಗೆ ವೈದ್ಯನು. ಎಲ್ಲರ ಮರ್ಯಾದೆಗೂ ಪಾತ್ರನಾದವನು. ವಂಚಕನನ್ನು ಹಿಡಿಯಲು ಪೋಲೀಸಿನವರು ಸಾಕು. ಪ್ರಾಮಾಣಿಕನಾದ ವೈದ್ಯನೂ ಪ್ರಾಮಾಣಿಕನಾದ ರೋಗಿಯೂ ಸೇರಿ ಒಂದು ಮಾತನ್ನು ಆಡಿದಾಗ ಅದು ನಿಜವೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಸಮಸ್ಯೆಯ ಕಾಠಿನ್ಯವು ಇಲ್ಲಿದ್ದಿತು.

೩

೧೭೮೪ರಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯು ಈ ವಿಷಯದ ವಿಚಾರಣೆಗೆ ಮಂಡಲಿಯೊಂದನ್ನು ನೇಮಿಸಿದನು. ವೈದ್ಯಸಂಸ್ಥೆಯಿಂದ ನಾಲ್ವರು, ವಿಜ್ಞಾನ ಅಕಾಡೆಮಿಯಿಂದ ಐವರು, ಒಟ್ಟು ಒಂಬತ್ತು ಮಂದಿ. ಆಗ ಅಮೆರಿಕದ ರಾಯಭಾರಿಯಾಗಿ ಪ್ಯಾರಿಸ್ಸಿನ ಬಳಿಯ ಪಾಸ್ಸಿ ಎಂಬಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ ಅವರಲ್ಲಿ ಹಿರಿಯನು, ವಯಸ್ಸು ೭೮. ರಸಾಯನಶಾಸ್ತ್ರಕ್ಕೆ ಹೊಸ ಅಸ್ತಿಭಾರವನ್ನು ಹಾಕಿದ ಲವಾಸಿಯೇ, ಖಗೋಳಜ್ಞನಾದ ಬಯಿ, ವೈದ್ಯನಾದ ಗಿಯೊತಾನ್ ಇವರೂ ಆ ಮಂಡಲಿಯಲ್ಲಿದ್ದರು. ಮೆಸ್ಮರನು ಪರೀಕ್ಷೆಗೆ ಒಡ್ಡಿಕೊಳ್ಳಲು ಒಪ್ಪಲಿಲ್ಲ, ದೆಲಾನನು ಒಪ್ಪಿದನು. ಮೆಸ್ಮರನ ಮಂದಿರದಲ್ಲಿ ನುಡಿಸುತ್ತಿದ್ದ ಗಾಜಿನ ವಾದ್ಯವು ಫ್ರಾಂಕ್ಲಿನನೇ ಹಿಂದೆ ನಿರ್ಮಿಸಿದುದೆಂಬುದು ಈ ಪ್ರಸಂಗದ ಒಂದು ವಿನೋದ.

ಮಂಡಲಿಯು ಮೊದಲು ಕೈಗೊಂಡ ನಿರ್ಣಯವೇ ಅದರ ಬುದ್ಧಿವಂತಿಕೆಗೆ ಸಾಕ್ಷಿ. ಗುಣಹೊಂದಿದವರನ್ನು ಎಣಿಸಬೇಕೆಂದು ದೆಲಾನನು ಕೇಳಿದನು. ಅವರು ಅದಕ್ಕೆ ಒಪ್ಪಲಿಲ್ಲ. ರೋಗಗಳಲ್ಲಿ ಬಹುಪಾಲು ತಾವಾಗಿಯೇ ವಾಸಿಯಾಗುತ್ತವೆ. ಔಷಧವನ್ನು ತಿಂದವನೂ ಎದ್ದೇಳುತ್ತಾನೆ, ತಿನ್ನದವನೂ ಎದ್ದೇಳುತ್ತಾನೆ. ಪ್ರಕೃತಿಯ ಕೆಲಸವಾವುದು, ವೈದ್ಯನ ಕೆಲಸವಾವುದು ಎಂಬುದನ್ನು ಹೀಗೆ ಬೇರ್ಪಡಿಸುವುದು ಸಾಧ್ಯವಿಲ್ಲ. ಆದುದರಿಂದ ಆ ದ್ರವವು ದೇಹದ ಮೇಲೆ ಆ ಕ್ಷಣದಲ್ಲಿ ಉಂಟುಮಾಡುವ ಪರಿಣಾಮವನ್ನೇ ಪರೀಕ್ಷಿಸತಕ್ಕದ್ದೆಂದು ನಿಶ್ಚಯಿಸಿದರು. ಮೊದಲು ತಾವೇ ವಾರಕ್ಕೊಮ್ಮೆ ತೊಟ್ಟಿಯ ಸುತ್ತ ಕುಳಿತರು, ಹೇಳತಕ್ಕಂಥದೇನೂ ಆಗಲಿಲ್ಲ. ಆ ಬಳಿಕ ಇತರರ ಕಣ್ಣುಗಳನ್ನು ಕಟ್ಟಿದರು.

ಈ ಪ್ರಯೋಗಗಳಲ್ಲಿ ಪ್ರಸಿದ್ಧವಾದುದು ಪಾಸ್ಸಿಯಲ್ಲಿ ಫ್ರಾಂಕ್ಲಿನನ ತೋಟದಲ್ಲಿ ನಡೆಯಿತು. ದೆಲಾನನು ಒಂದು ಏಪ್ರಿಕಾಟ್ ಮರವನ್ನು ತನ್ನ ವಿಧಾನದಿಂದ ‘ಅಯಸ್ಕಾಂತಗೊಳಿಸಿ’ದನು. ಅಂಥ ಮರವನ್ನು ಮುಟ್ಟಿದವನಿಗೆ ಅದರ ಶಕ್ತಿಯು ತಟ್ಟಲೇಬೇಕೆಂಬುದು ಅವನ ಮತ. ಸೂಕ್ಷ್ಮಪ್ರಕೃತಿಯವನೆಂದು ಅವನೇ ಆರಿಸಿ ತಂದ ೧೨ ವರ್ಷದ ಹುಡುಗನೊಬ್ಬನ ಕಣ್ಣಿಗೆ ಬಟ್ಟೆಯನ್ನು ಕಟ್ಟಿ, ಒಂದಾದ ಮೇಲೊಂದರಂತೆ ನಾಲ್ಕು ಮರಗಳ ಬಳಿಗೆ ಕರೆದೊಯ್ದರು. ಆ ನಾಲ್ಕರಲ್ಲಿ ಯಾವುದೂ ದೆಲಾನನು ಆರಿಸಿದ ಮರವಲ್ಲ. ಪ್ರತಿಯೊಂದನ್ನೂ ಹುಡುಗನು ಎರಡು ನಿಮಿಷ ಅಪ್ಪಿಕೊಂಡು ನಿಲ್ಲಬೇಕು. ಮೊದಲನೆಯ ಮರದ ಬಳಿ ಅವನಿಗೆ ಬೆವರಿಳಿದು ಕೆಮ್ಮು ಬಂದಿತು, ತಲೆನೋವೆಂದನು. ಎರಡನೆಯದರಲ್ಲಿ ತಲೆ ಜೋಮು ಹಿಡಿಯಿತೆಂದನು. ಮೂರನೆಯದರಲ್ಲಿ ಅದು ಹೆಚ್ಚಿತು. ತಾನು ಆ ಮರದ ಸಮೀಪಕ್ಕೆ ಬರುತ್ತಿರುವೆನೆಂದು ಹೇಳಿದನು. ಆಗ ಅವನು ಅದರಿಂದ ಮೊದಲಿಗಿಂತಲೂ ದೂರದಲ್ಲಿದ್ದನು. ನಾಲ್ಕನೆಯ ಮರದ ಬಳಿ ಪ್ರಜ್ಞೆ ತಪ್ಪಿ ಬಿದ್ದನು, ಕೈಕಾಲುಗಳು ಸೆಟೆದುಕೊಂಡವು. ದೆಲಾನನ ಮರವು ಅಲ್ಲಿಂದ ೨೪ ಅಡಿಗಳ ಆಚೆ ನಿಂತಿದ್ದಿತು.

ದೆಲಾನನು ಸೋಲನ್ನು ಒಪ್ಪಲಿಲ್ಲ. ಮರಗಳೆಲ್ಲವೂ ಸ್ವಭಾವತಃ ಅಷ್ಟಿಷ್ಟು ಅಯಸ್ಕಾಂತವುಳ್ಳವೇ, ತಾನು ಹತ್ತಿರದಲ್ಲಿದ್ದುದರಿಂದ ಅದು ಹೆಚ್ಚಿತು ಎಂದನು. ಹಾಗಾದರೆ ಸೂಕ್ಷ್ಮಪ್ರಕೃತಿಯವರು ತೋಟದಲ್ಲಿ ಕಾಲಿಡುವಂತೆಯೇ ಇಲ್ಲವೆಂಬುದು ಮಂಡಲಿಯವರ ಉತ್ತರವಾಯಿತು.

ಲವಾಸಿಯೇಯ ಮನೆಯಲ್ಲಿ ಇನ್ನೊಂದು ಪ್ರಯೋಗವು ನಡೆಯಿತು. ಸ್ತ್ರೀಯೊಬ್ಬಳಿಗೆ ಪಿಂಗಾಣಿಯ ಬಟ್ಟಲುಗಳನ್ನು ಒಂದೊಂದಾಗಿ ಒಡ್ಡಿದರು. ಅವೆಲ್ಲವೂ ಸಾಮಾನ್ಯವಾದ ಬಟ್ಟಲುಗಳೇ. ಆದರೂ ನಾಲ್ಕನೆಯ ಬಟ್ಟಲಿಗೆ ಅವಳಿಗೆ ಪೂರ್ಣವಾದ ಆವೇಶವುಂಟಾಯಿತು. ಚೇತರಿಸಿಕೊಂಡು ಕುಡಿಯಲು ನೀರನ್ನು ಕೇಳಿದಾಗ, ದೆಲಾನನೇ ಅಯಸ್ಕಾಂತಗೊಳಿಸಿದ್ದ ಬಟ್ಟಲಿನಲ್ಲಿ ನೀರನ್ನು ಕೊಟ್ಟರು. ಅವಳು ಶಾಂತಳಾಗಿ ಕುಡಿದು ಹಾಯಾಯಿತೆಂದಳು. ಮತ್ತೊಂದು ಸಂದರ್ಭದಲ್ಲಿ ಎರಡು ಕೋಣೆಗಳ ನಡುವಣ ಬಾಗಿಲನ್ನು ತೆಗೆದು ಕಾಗದದ ತಡಿಕೆಯನ್ನು ನಿಲ್ಲಿಸಿದರು. ಹೊಲಿಗೆಯ ಕೆಲಸದ ನೆವದಿಂದ ಕರೆಯಿಸಿದ ಹೆಂಗಸೊಬ್ಬಳು ಈಚೆಗೆ ಕುಳಿತಳು. ಆಚೆಯಿಂದ ವೈದ್ಯನೊಬ್ಬನು ಅರ್ಧ ಗಂಟೆಯ ಕಾಲ ಅವಳ ಮೇಲೆ ಅಯಸ್ಕಾಂತವನ್ನು ಪ್ರಯೋಗಿಸಿದನು. ಅವಳು ನಗುನಗುತ್ತ ಮಾತನಾಡುತ್ತಲೇ ಇದ್ದಳು. ಅನಂತರ ಆ ವೈದ್ಯನು ಅವಳ ಕಣ್ಣೆದುರಿಗೆ ಬಂದು ಪ್ರಯೋಗವನ್ನಾರಂಭಿಸಿದನು. ಮೂರು ನಿಮಿಷಗಳಲ್ಲಿ ಅವಳಿಗೆ ಸಂಕಟವು ತೊಡಗಿತು.

ಈ ಪ್ರಯೋಗಗಳ ತರ್ಕವು ಸರಳವಾದುದು, ಆದರೆ ಅಚ್ಚುಕಟ್ಟಾದುದು. ದ್ರವವಿದ್ದು ಅದರ ಅರಿವಿಲ್ಲದಿರುವುದು ಒಂದು ಸ್ಥಿತಿ; ದ್ರವವಿಲ್ಲದೆ ಅದು ಇದೆಯೆಂಬ ನಂಬಿಕೆಯಿರುವುದು ಇನ್ನೊಂದು ಸ್ಥಿತಿ. ನಿತ್ಯದ ಚಿಕಿತ್ಸೆಯಲ್ಲಿ ಇವೆರಡೂ ಹಾಲುನೀರಿನಂತೆ ಬೆರೆತಿರುತ್ತವೆ. ಕಣ್ಣಿನ ಪಟ್ಟಿಯು ಹಂಸದಂತೆ ಅವುಗಳನ್ನು ಬೇರ್ಪಡಿಸಿತು. ಬೇರ್ಪಡಿಸಿದಾಗ ಪರಿಣಾಮವೆಲ್ಲವೂ ನಂಬಿಕೆಯ ಕಡೆಗೆ ಹೋಯಿತು. ದ್ರವದ ಪಾಲಿಗೆ ಏನೂ ಉಳಿಯಲಿಲ್ಲ.

೪

೧೭೮೪ರ ಆಗಸ್ಟ್ ೧೧ರಂದು ಮಂಡಲಿಯು ತನ್ನ ವರದಿಯನ್ನು ಒಪ್ಪಿಸಿತು. ಕಲ್ಪನೆಯು ಅಯಸ್ಕಾಂತವಿಲ್ಲದೆಯೂ ಮೈಯನ್ನು ಸೆಳೆಯಬಲ್ಲುದು, ಅಯಸ್ಕಾಂತವು ಕಲ್ಪನೆಯಿಲ್ಲದೆ ಏನನ್ನೂ ಮಾಡಲಾರದು ಎಂಬುದು ಅದರ ಸಾರಾಂಶ. ಪ್ಯಾರಿಸ್ಸು ಹಾಸ್ಯಚಿತ್ರಗಳನ್ನು ಅಚ್ಚುಹಾಕಿ ನಕ್ಕಿತು. ಮೆಸ್ಮರನು ಫ್ರಾನ್ಸನ್ನು ಬಿಟ್ಟು, ಊರೂರು ತಿರುಗಿ, ೧೮೧೫ರಲ್ಲಿ ತಾನು ಹುಟ್ಟಿದ ಸರೋವರದ ಮಗ್ಗುಲಿನ ಮೇರ್ಸ್‌ಬುರ್ಗಿನಲ್ಲಿ ತೀರಿಕೊಂಡನು. ವಿಚಾರಣೆಯನ್ನು ನಡೆಸಿದವರ ಪಾಡೂ ಸುಖವಾಗಿರಲಿಲ್ಲ. ಹತ್ತು ವರ್ಷಗಳೊಳಗಾಗಿ ಮಹಾಕ್ರಾಂತಿಯು ಬಂದು, ೧೭೯೩ರಲ್ಲಿ ಬಯಿಯ ತಲೆಯೂ ೧೭೯೪ರಲ್ಲಿ ಲವಾಸಿಯೇಯ ತಲೆಯೂ ಉರುಳಿದವು. ಉರುಳಿಸಿದ ಯಂತ್ರಕ್ಕೆ ಅವರ ಸಹೋದ್ಯೋಗಿ ಗಿಯೊತಾನನ ಹೆಸರೇ ಅಂಟಿಕೊಂಡಿತು.

ಆದರೆ ದೆಲಾನನು ಆಗ ಎತ್ತಿದ ಪ್ರಶ್ನೆಯೊಂದು ಯಾವ ಯಂತ್ರಕ್ಕೂ ತಲೆಯೊಡ್ಡದೆ ಇಂದಿಗೂ ಬದುಕಿದೆ. ಕಲ್ಪನೆಯಿಂದ ಮಾಡುವ ಚಿಕಿತ್ಸೆಯೇ ಎಲ್ಲಕ್ಕಿಂತ ಉತ್ತಮವಾದ ಚಿಕಿತ್ಸೆಯಾದರೆ ಅದನ್ನೇ ಏಕೆ ಮಾಡಬಾರದು? ಎಂದು ಅವನು ಕೇಳಿದನು. ಇದು ತಳ್ಳಿಹಾಕುವ ಮಾತಲ್ಲ. ನೋವಿನಿಂದ ನರಳುವವನಿಗೆ ನೋವು ಹೋದುದೇ ಮುಖ್ಯ. ಅದು ದ್ರವದಿಂದ ಹೋಯಿತೋ ನಂಬಿಕೆಯಿಂದ ಹೋಯಿತೋ ಎಂಬುದು ಪಂಡಿತರ ಚರ್ಚೆ ಎನ್ನಬಹುದು.

ಇದಕ್ಕೆ ಉತ್ತರವು ಎರಡು ಬಗೆಯಾಗಿದೆ. ನೋವು, ಬಳಲಿಕೆ, ತಲೆಸುತ್ತು ಮುಂತಾಗಿ ಮನಸ್ಸಿನ ಅನುಭವಕ್ಕೆ ಬರತಕ್ಕ ತೊಂದರೆಗಳನ್ನು ನಂಬಿಕೆಯು ತಗ್ಗಿಸಬಲ್ಲುದು. ಆದರೆ ಶ್ವಾಸಕೋಶವನ್ನು ಕೊರೆಯುವ ಕ್ಷಯದ ಕ್ರಿಮಿಯನ್ನು ಅದು ಕೊಲ್ಲಲಾರದು. ನೋವು ತಗ್ಗಿತೆಂಬ ಸಮಾಧಾನದಲ್ಲಿ ರೋಗಿಯು ಕಾಲವನ್ನು ಕಳೆದುಕೊಳ್ಳುವನು. ಇದು ಮೊದಲನೆಯದು. ಎರಡನೆಯದು ಇದಕ್ಕಿಂತಲೂ ಗಹನವಾದುದು. ನಂಬಿಕೆಯ ಫಲವನ್ನು ಔಷಧದ ಫಲವೆಂದು ಎಣಿಸಿದರೆ ನಿಜವಾದ ಔಷಧವು ಹುಸಿಯಾದ ನೂರರ ನಡುವೆ ಸಿಕ್ಕಿ, ಗುರುತಿಗೆ ಬಾರದೆ ಹೋಗುವುದು. ಅದರಿಂದ ನಷ್ಟವಾಗುವುದು ಮುಂದೆ ಬರುವ ರೋಗಿಗಳಿಗೆ. ಇಂದಿನ ರೋಗಿಯ ಸಮಾಧಾನಕ್ಕೂ ನಾಳಿನ ರೋಗಿಯ ಪ್ರಾಣಕ್ಕೂ ನಡುವೆ ಇರುವ ಈ ತಿಕ್ಕಾಟವೇ ಕಣ್ಪಟ್ಟಿಯ ಚರಿತ್ರೆಯ ತಿರುಳು.

ಮಂಡಲಿಯ ಕೆಲಸದಲ್ಲಿ ಕೊರತೆಯೂ ಒಂದಿದ್ದಿತು. ಹುಡುಗನ ಕಣ್ಣುಗಳು ಕಟ್ಟಿದ್ದವು; ಆದರೆ ಯಾವ ಮರವು ಯಾವುದೆಂಬುದು ಜೊತೆಯಲ್ಲಿ ನಡೆದ ಪಂಡಿತರಿಗೆ ತಿಳಿದಿದ್ದಿತು. ಅವರ ಮೋರೆಯ ಭಾವ, ಧ್ವನಿಯ ಏರಿಳಿತ, ಬರೆದುಕೊಳ್ಳುವಾಗ ಆರಿಸಿದ ಶಬ್ದ ಇವುಗಳಿಂದ ಫಲವು ಒಂದಿಷ್ಟಾದರೂ ಬಾಗಿರಲಾರದೆ? ರೋಗಿಯು ತಾನು ಬಯಸಿದ್ದನ್ನು ಅನುಭವಿಸುವನೆಂದು ಅವರು ತೋರಿಸಿಕೊಟ್ಟರು. ಪಂಡಿತನೂ ತಾನು ಬಯಸಿದ್ದನ್ನೇ ಕಾಣುವನೆಂಬ ಶಂಕೆಯು ಅವರಿಗೆ ಬರಲಿಲ್ಲ.

೫

ಪ್ಯಾರಿಸ್ಸಿನ ಪಾಠವನ್ನು ಹದಿನೈದು ವರ್ಷಗಳ ಮೇಲೆ ಇಂಗ್ಲೆಂಡಿನ ವೈದ್ಯನೊಬ್ಬನು ಮುಂದುವರಿಸಿದನು. ಅಮೆರಿಕದ ಎಲೈಷ ಪರ್ಕಿನ್ಸ್ ಎಂಬಾತನು ಎರಡು ಲೋಹಗಳ ಪುಟ್ಟ ಕಡ್ಡಿಗಳನ್ನು ಮಾಡಿ, ಅವುಗಳನ್ನು ಮೈಯ ಮೇಲೆ ಎಳೆದರೆ ವಾತದ ನೋವು ಹೋಗುವುದೆಂದು ಸಾರಿ, ೧೭೯೬ರಲ್ಲಿ ಅವಕ್ಕೆ ಪೇಟೆಂಟನ್ನು ಪಡೆದಿದ್ದನು. ಅವನ ಮಗನು ಅವುಗಳನ್ನು ಲಂಡನ್ನಿಗೆ ತಂದು ಜೋಡಿಗೆ ಐದು ಗಿನಿಗಳಂತೆ ಮಾರಿದನು. ೧೭೯೯ರಲ್ಲಿ ಬಾತ್ ಪಟ್ಟಣದ ಆಸ್ಪತ್ರೆಯಲ್ಲಿ ಜಾನ್ ಹೇಗಾರ್ತ್ ಎಂಬ ವೈದ್ಯನು ಮರದ ಕಡ್ಡಿಗಳನ್ನು ಮಾಡಿಸಿ, ಲೋಹದಂತೆ ಕಾಣಲು ಬಣ್ಣವನ್ನು ಬಳಿಸಿ, ಹಳೆಯ ವಾತರೋಗದಿಂದ ನರಳುತ್ತಿದ್ದ ಐವರ ಮೇಲೆ ಎಳೆದು ನೋಡಿದನು. ನಾಲ್ವರಿಗೆ ನೋವು ಇಳಿಯಿತು. ಮರುದಿನ ಲೋಹದ ಕಡ್ಡಿಗಳನ್ನೇ ಎಳೆದಾಗಲೂ ಫಲವು ಹಾಗೆಯೇ ಇದ್ದಿತು. ಹೇಗಾರ್ತನು ೧೮೦೦ರಲ್ಲಿ ಇದನ್ನು ಪುಸ್ತಕವಾಗಿ ಪ್ರಕಟಿಸಿದನು. ಹೆಸರುವಾಸಿಯಾದ ವೈದ್ಯನ ಕೈಯಲ್ಲಿ ಫಲಿಸುವ ಮದ್ದು ಹೆಸರಿಲ್ಲದವನ ಕೈಯಲ್ಲಿ ಫಲಿಸದಿರುವುದಕ್ಕೂ ಇದೇ ಕಾರಣವೆಂದು ಅವನು ಊಹಿಸಿದನು. ಅಂದರೆ ಪರ್ಕಿನ್ಸನ ಕಡ್ಡಿಗೆ ಹಿಡಿದ ಕನ್ನಡಿಯನ್ನು ತನ್ನ ವೃತ್ತಿಯ ಕಡೆಗೂ ಸ್ವಲ್ಪ ತಿರುಗಿಸಿದನು.

ಆ ಕನ್ನಡಿಯನ್ನು ಪೂರ್ಣವಾಗಿ ತಿರುಗಿಸಿದವರು ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದ ನಾಗರಿಕರು. ಅಲ್ಲಿ ಹೋಮಿಯೋಪತಿಯು ಹರಡತೊಡಗಿದಾಗ ಪಟ್ಟಣದ ಹಿರಿಯ ಆರೋಗ್ಯಾಧಿಕಾರಿಯಾದ ಫಾನ್ ಹೋವೆನ್ ಅದನ್ನು ಟೀಕಿಸಿ ಬರೆದನು. ರಾಯ್ಟರ್ ಎಂಬ ಹೋಮಿಯೋಪತಿಯ ವೈದ್ಯನು ಪ್ರತಿಯಾಗಿ ಬರೆದನು. ಉಪ್ಪನ್ನು ಅತ್ಯಂತ ದುರ್ಬಲಗೊಳಿಸಿ ಸಿದ್ಧಪಡಿಸಿದ ದ್ರಾವಣವು ಆರೋಗ್ಯವಂತನ ದೇಹದಲ್ಲಿಯೂ ಗುರುತಿಸಬಲ್ಲ ಪರಿಣಾಮವನ್ನುಂಟುಮಾಡುವುದೇ ಎಂಬುದು ವಿವಾದದ ವಿಷಯವಾಯಿತು. ೧೮೩೫ರ ಫೆಬ್ರವರಿಯಲ್ಲಿ ಊರಿನ ಪಾನಗೃಹವೊಂದರಲ್ಲಿ ೧೨೦ಕ್ಕೂ ಹೆಚ್ಚು ಮಂದಿ ಸಭೆ ಸೇರಿದರು. ೧೦೦ ಸೀಸೆಗಳನ್ನು ಎಲ್ಲರ ಮುಂದೆ ಬೆರಸಿ ಸಂಖ್ಯೆಗಳನ್ನು ಹಾಕಿದರು. ಬೇರೊಂದೆಡೆಯಲ್ಲಿ ಅವುಗಳಲ್ಲಿ ಅರ್ಧಕ್ಕೆ ಹಿಮದಿಂದ ಬಟ್ಟಿಯಿಳಿಸಿದ ಬರಿಯ ನೀರನ್ನೂ, ಉಳಿದರ್ಧಕ್ಕೆ ಆ ದ್ರಾವಣವನ್ನೂ ತುಂಬಿದರು. ಯಾವ ಸಂಖ್ಯೆಯಲ್ಲಿ ಯಾವುದಿದೆಯೆಂಬ ಪಟ್ಟಿಯನ್ನು ಮುದ್ರೆಯೊತ್ತಿ ಇಟ್ಟರು. ಸೀಸೆಯನ್ನು ಹಂಚಿದವರಿಗೂ, ಕುಡಿದವರಿಗೂ, ಅನುಭವವನ್ನು ಬರೆದುಕೊಂಡವರಿಗೂ ಗುಟ್ಟು ತಿಳಿಯದು. ಕೆಲವು ವಾರಗಳ ಮೇಲೆ ಸೀಸೆಗಳನ್ನು ಪಡೆದ ೫೪ ಮಂದಿಯಲ್ಲಿ ೫೦ ಮಂದಿ ತಮ್ಮ ಅನುಭವವನ್ನು ತಿಳಿಸಿದರು. ೪೨ ಮಂದಿಗೆ ಏನೂ ಆಗಿರಲಿಲ್ಲ. ೮ ಮಂದಿಗೆ ಏನೋ ಆಗಿದ್ದಿತು. ಮುದ್ರೆಯನ್ನೊಡೆದು ನೋಡಿದಾಗ ಆ ಎಂಟರಲ್ಲಿ ಐವರು ದ್ರಾವಣವನ್ನೂ ಮೂವರು ಬರಿಯ ನೀರನ್ನೂ ಕುಡಿದಿದ್ದರು. ಇಂಥ ಅಂತರದಿಂದ ಯಾವ ನಿರ್ಣಯವನ್ನೂ ಕಟ್ಟುವಂತಿಲ್ಲ. ದ್ರಾವಣಕ್ಕೆ ವಿಶೇಷವಾದ ಶಕ್ತಿಯುಂಟೆಂಬುದು ಅಲ್ಲಿ ಸಿದ್ಧವಾಗಲಿಲ್ಲ.

ಈ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಇಂದಿನ ಕ್ರಮವೆಲ್ಲವೂ ಇದೆ: ಹುಸಿಮದ್ದು, ಸಂಖ್ಯೆ, ಮುದ್ರೆಯೊತ್ತಿದ ಪಟ್ಟಿ, ಕೊಡುವವನ ಅಜ್ಞಾನ. ಆದರೆ ವೈದ್ಯಲೋಕವು ಇದನ್ನು ಒಂದು ಊರಿನ ಜಗಳವೆಂದು ಭಾವಿಸಿ ಮರೆತಿತು. ಎದುರಾಳಿಯ ಔಷಧವನ್ನು ಒರೆಹಚ್ಚಲು ಕಣ್ಪಟ್ಟಿಯು ಬೇಕಾಯಿತು. ತನ್ನ ಔಷಧಕ್ಕೆ ಅದು ಬೇಕೆಂದು ಯಾವ ಪಂಗಡಕ್ಕೂ ತೋರಲಿಲ್ಲ. ಮತ್ತೊಂದು ಶತಮಾನವು ಹೀಗೆಯೇ ಸರಿಯಿತು.

೬

ನಡುವೆ ಅಲ್ಲೊಬ್ಬರು ಇಲ್ಲೊಬ್ಬರು ಈ ದಾರಿಯನ್ನು ತುಳಿದರು. ನಮ್ಮ ನೆರೆಯ ನೀಲಗಿರಿಯ ತೊದವರ ನಡುವೆ ಇದ್ದು ೧೯೦೬ರಲ್ಲಿ ಅವರನ್ನು ಕುರಿತು ದೊಡ್ಡ ಗ್ರಂಥವನ್ನು ಪ್ರಕಟಿಸಿದ ಡಬ್ಲ್ಯು. ಎಚ್. ಆರ್. ರಿವರ್ಸ್ ಎಂಬ ವಿದ್ವಾಂಸನ ಹೆಸರನ್ನು ಇಲ್ಲಿ ನೆನೆಯಬೇಕು. ಮದ್ಯ, ಕಾಫಿಯ ಸತ್ತ್ವ ಮೊದಲಾದವು ಆಯಾಸದ ಮೇಲೆ ಏನು ಮಾಡುತ್ತವೆಂದು ಆತನು ತನ್ನ ಮೇಲೆಯೇ ಪ್ರಯೋಗಿಸಿ ನೋಡಿದನು. ಯಾವ ದಿನ ಯಾವುದನ್ನು ಕುಡಿಯುತ್ತಿರುವೆನೆಂಬುದು ತನಗೇ ತಿಳಿಯದಂತೆ ರುಚಿಯನ್ನು ಮರೆಮಾಡಿಸಿಕೊಂಡನು. ೧೯೦೮ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ವಿದ್ವಾಂಸನು ತನ್ನ ಕಣ್ಣನ್ನು ತಾನೇ ಕಟ್ಟಿಕೊಂಡ ಒಳ್ಳೆಯ ಉದಾಹರಣೆಯಿದೆ.

ಕ್ಷಯರೋಗವು ಈ ವಿಷಯವನ್ನು ವಿದ್ವಾಂಸರ ಕೋಣೆಯಿಂದ ಆಸ್ಪತ್ರೆಯ ಮಂಚದ ಬಳಿಗೆ ತಂದಿತು. ಚಿನ್ನದ ಲವಣವೊಂದನ್ನು ಕ್ಷಯಕ್ಕೆ ದಿವ್ಯೌಷಧವೆಂದು ಯುರೋಪಿನಲ್ಲಿಯೂ ಅಮೆರಿಕದಲ್ಲಿಯೂ ಸೂಜಿಯ ಮೂಲಕ ಕೊಡುತ್ತಿದ್ದ ಕಾಲ. ೧೯೩೧ರಲ್ಲಿ ಆಂಬರ್‌ಸನ್ ಮೊದಲಾದ ಅಮೆರಿಕದ ವೈದ್ಯರು ೨೪ ಮಂದಿ ರೋಗಿಗಳನ್ನು ಸಮನಾದ ಎರಡು ಗುಂಪುಗಳನ್ನಾಗಿ ಮಾಡಿ, ನಾಣ್ಯವನ್ನು ಚಿಮ್ಮಿ, ಒಂದು ಗುಂಪಿಗೆ ಚಿನ್ನದ ಲವಣವನ್ನೂ ಇನ್ನೊಂದಕ್ಕೆ ಬಟ್ಟಿಯಿಳಿಸಿದ ನೀರನ್ನೂ ಚುಚ್ಚಿದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ರೋಗಿಗಳಿಗೆ ಭೇದವು ತಿಳಿದಿರಲಿಲ್ಲ. ಚಿನ್ನದಿಂದ ಉಪಕಾರವು ಕಾಣಲಿಲ್ಲ, ಅಪಕಾರವು ಕಂಡಿತು. ಒಳ್ಳೆಯ ವೈದ್ಯರು ಒಳ್ಳೆಯ ಉದ್ದೇಶದಿಂದ ಕೊಟ್ಟ ಬೆಲೆಬಾಳುವ ಮದ್ದು ರೋಗಿಯನ್ನು ಇನ್ನಷ್ಟು ಬಳಲಿಸಿತ್ತೆಂಬುದು ಆಗ ತಿಳಿದುಬಂದಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಪಾಟ್ಯುಲಿನ್ ಎಂಬ ಪದಾರ್ಥವು ನೆಗಡಿಯನ್ನು ಬೇಗ ಗುಣಪಡಿಸುವುದೆಂಬ ಸುದ್ದಿಯು ಹಬ್ಬಿತು. ಮೊದಲ ಪರೀಕ್ಷೆಯಲ್ಲಿ ಅದನ್ನು ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎರಡೇ ದಿನಗಳಲ್ಲಿ ಚೇತರಿಸಿಕೊಂಡರೆಂದು ವರದಿಯಾಗಿದ್ದಿತು. ೧೯೪೩-೪೪ರಲ್ಲಿ ವೈದ್ಯಸಂಶೋಧನಾ ಮಂಡಲಿಯು ಕಾರ್ಖಾನೆ ಕಚೇರಿಗಳ ಸಾವಿರಕ್ಕೂ ಹೆಚ್ಚು ಕೆಲಸಗಾರರ ಮೇಲೆ, ಸೀಸೆಗಳಿಗೆ ಬರಿಯ ಅಕ್ಷರಗಳ ಗುರುತನ್ನಿಟ್ಟು, ಕೊಡುವವರಿಗೂ ಕೊಳ್ಳುವವರಿಗೂ ತಿಳಿಯದಂತೆ ಮರಳಿ ಪರೀಕ್ಷಿಸಿತು. ಪಾಟ್ಯುಲಿನ್ನಿಗೂ ಬರಿಯ ದ್ರಾವಣಕ್ಕೂ ವ್ಯತ್ಯಾಸವೇ ಕಾಣಲಿಲ್ಲ.

ಅದೇ ಮಂಡಲಿಯು ಸ್ಟ್ರೆಪ್ಟೊಮೈಸಿನ್ನನ್ನು ಪರೀಕ್ಷಿಸಿದ ವರದಿಯು ೧೯೪೮ರ ಅಕ್ಟೋಬರ್ ೩೦ರಂದು ಹೊರಬಿದ್ದಿತು. ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರ್ಯಾಡ್‌ಫರ್ಡ್ ಹಿಲ್ ಅದರ ವಿಧಾನವನ್ನು ರೂಪಿಸಿದನು. ೧೦೭ ಮಂದಿ ಕ್ಷಯರೋಗಿಗಳು. ೫೫ ಮಂದಿಗೆ ವಿಶ್ರಾಂತಿಯೊಂದಿಗೆ ಔಷಧ, ೫೨ ಮಂದಿಗೆ ವಿಶ್ರಾಂತಿ ಮಾತ್ರ. ಯಾರು ಯಾವ ಗುಂಪಿಗೆಂಬುದು ಮುದ್ರೆಯೊತ್ತಿದ ಲಕೋಟೆಯೊಳಗೆ. ಆರು ತಿಂಗಳಲ್ಲಿ ಔಷಧವನ್ನು ಪಡೆದವರಲ್ಲಿ ೪ ಮಂದಿಯೂ, ಪಡೆಯದವರಲ್ಲಿ ೧೪ ಮಂದಿಯೂ ಸತ್ತರು. ಇಲ್ಲಿ ಹುಸಿಮದ್ದನ್ನು ಚುಚ್ಚಲಿಲ್ಲ. ತಿಂಗಳುಗಟ್ಟಲೆ ದಿನಕ್ಕೆ ನಾಲ್ಕು ಸಲ ಸುಮ್ಮಸುಮ್ಮನೆ ಸೂಜಿಯಿಂದ ಚುಚ್ಚುವುದು ನಿರ್ದಯವೆಂದು ಬಿಟ್ಟರು. ಆದರೆ ಎಕ್ಸ್-ರೇ ಚಿತ್ರಗಳನ್ನು ನೋಡಿ ರೋಗದ ಏರಿಳಿತವನ್ನು ತೀರ್ಮಾನಿಸಿದ ಮೂವರು ತಜ್ಞರಿಗೆ, ಆ ಚಿತ್ರವು ಯಾವ ಗುಂಪಿನ ರೋಗಿಯದೆಂಬುದನ್ನು ತಿಳಿಸಲಿಲ್ಲ. ರೋಗಿಯ ಕಣ್ಣು ತೆರೆದೇ ಇದ್ದಿತು. ತೀರ್ಪುಗಾರನ ಕಣ್ಣಿಗೆ ಪಟ್ಟಿ! ೧೭೮೪ಕ್ಕೆ ಇದು ನೇರವಾಗಿ ವಿಲೋಮವಾದ ಕ್ರಮ. ಪಾಸ್ಸಿಯ ತೋಟದ ಪಂಡಿತರಿಗೆ ಬಾರದ ಶಂಕೆಯನ್ನು ಅವರ ವಂಶಜರು ತಮ್ಮ ಮೇಲೆಯೇ ತಂದುಕೊಂಡರು.

‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ’ ಎಂಬ ಗಾದೆಯನ್ನು ನಾವು ಸಂತೋಷದ ಸಂದರ್ಭದಲ್ಲಿ ಬಳಸುತ್ತೇವೆ. ಪರೀಕ್ಷಕನಿಗೆ ಅದು ಎಚ್ಚರಿಕೆಯ ಮಾತು. ಇಬ್ಬರ ಬಯಕೆಯೂ ಒಂದೇ ಆದಾಗ ಸತ್ಯವನ್ನು ಕೇಳುವವರು ಯಾರೂ ಉಳಿಯುವುದಿಲ್ಲ. ಉಭಯಾಂಧ ಪರೀಕ್ಷೆಯು ಆ ಬಯಕೆಗಳನ್ನು ನಿಂದಿಸುವುದಿಲ್ಲ. ಅವು ಎರಡು ಗುಂಪುಗಳಲ್ಲಿಯೂ ಸಮನಾಗಿ ಬೀಳುವಂತೆ ಮಾಡಿ, ತಕ್ಕಡಿಯ ಎರಡು ತಟ್ಟೆಗಳಿಂದಲೂ ಒಂದೇ ತೂಕವನ್ನು ಕಳೆಯುತ್ತದೆ. ಅದರ ಮೇಲೆ ಯಾವ ತಟ್ಟೆಯು ತೂಗಿದರೂ ಅದು ಔಷಧದ ತೂಕ.

ಶಸ್ತ್ರವೈದ್ಯವೂ ಈ ತಕ್ಕಡಿಯಿಂದ ತಪ್ಪಿಸಿಕೊಳ್ಳಲಿಲ್ಲ. ಹೃದಯದ ನೋವಿಗೆ ಎದೆಯ ಒಳಗೋಡೆಯ ರಕ್ತನಾಳಗಳನ್ನು ಬಿಗಿಯುವ ಶಸ್ತ್ರಕ್ರಿಯೆಯೊಂದು ೧೯೫೦ರ ದಶಕದಲ್ಲಿ ಬಹಳ ಜನರಿಗೆ ಸುಖವನ್ನು ಕೊಟ್ಟಿತು. ೧೯೫೯ರಲ್ಲಿ ಅಮೆರಿಕದ ಸಿಯಾಟಲ್ಲಿನ ವೈದ್ಯರು ೧೭ ಮಂದಿಯ ಮೇಲೆ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದರು. ಕೆಲವರ ನಾಳಗಳನ್ನು ಬಿಗಿದರು, ಉಳಿದವರ ಚರ್ಮವನ್ನು ಮಾತ್ರ 	ಕೊಯ್ದು ಹೊಲಿದರು. ಎರಡು ಗುಂಪಿನವರಿಗೂ ಸರಿಸುಮಾರಾಗಿ ಒಂದೇ ಪ್ರಮಾಣದಲ್ಲಿ ನೋವು ತಗ್ಗಿತು. ಆ ಶಸ್ತ್ರಕ್ರಿಯೆಯು ಬಳಕೆಯಿಂದ ಬಿದ್ದುಹೋಯಿತು.

೭

ಇಷ್ಟು ದೂರ ಬಂದ ವಾಚಕರಿಗೆ ಒಂದು ಅಳುಕು ತೋರಿರಬಹುದು. ಚರ್ಮವನ್ನು ಕೊಯ್ಯಿಸಿಕೊಂಡವರಿಗೆ ನಿಜಸ್ಥಿತಿಯು ತಿಳಿದಿದ್ದಿತೆ? ಚಿನ್ನವೆಂದು ನೀರನ್ನು ಚುಚ್ಚಿಸಿಕೊಂಡವರನ್ನು ಯಾರಾದರೂ ಕೇಳಿದ್ದರೆ? ಲವಾಸಿಯೇಯ ಮನೆಯಲ್ಲಿ ಬಟ್ಟಲಿನ ಮುಂದೆ ನಡುಗಿದ ಸ್ತ್ರೀಗೆ ತನ್ನನ್ನು ಏಕೆ ಹೀಗೆ ಆಡಿಸುತ್ತಿರುವರೆಂದು ಹೇಳಿದ್ದರೆ? ಇಲ್ಲ. ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯಲ್ಲಿ ವಿಶ್ರಾಂತಿಯನ್ನು ಮಾತ್ರ ಪಡೆದವರಿಗೆ ತಾವು ಪರೀಕ್ಷೆಗೆ ಒಳಪಟ್ಟಿರುವುದೇ ತಿಳಿಯದು. ಸತ್ಯವನ್ನು ಕಾಣಲು ಅಸತ್ಯವನ್ನು ಮೆಟ್ಟಿಲಾಗಿ ಬಳಸಿದ ದೋಷವು ಈ ಚರಿತ್ರೆಗೆ ಅಂಟಿಯೇ ಇದೆ. ಫಲವು ಒಳ್ಳೆಯದಾಯಿತೆಂದು ಅದನ್ನು ಮುಚ್ಚಿಡಲಾಗದು.

ಈ ದೋಷಕ್ಕೆ ಪರಿಹಾರದ ದಾರಿಯನ್ನು ತೋರಿದ ಊರು, ವಿಧಿಯ ವಿಲಾಸವೋ ಎಂಬಂತೆ, ಮತ್ತೆ ಅದೇ ನ್ಯೂರೆಂಬರ್ಗ್. ನಾಟ್ಸಿಗಳ ಸೆರೆಶಿಬಿರಗಳಲ್ಲಿ ಮನುಷ್ಯರ ಮೇಲೆ ಘೋರವಾದ ಪ್ರಯೋಗಗಳನ್ನು ನಡೆಸಿದ ವೈದ್ಯರ ವಿಚಾರಣೆಯು ಅಲ್ಲಿ ನಡೆದು, ೧೯೪೭ರ ತೀರ್ಪಿನೊಡನೆ ಹತ್ತು ನಿಯಮಗಳು ಪ್ರಕಟವಾದವು. ಯಾರ ಮೇಲೆ ಪ್ರಯೋಗವು ನಡೆಯುವುದೋ ಅವನು ತಿಳಿದು ಸ್ವಇಚ್ಛೆಯಿಂದ ಒಪ್ಪಿರಬೇಕೆಂಬುದು ಅವುಗಳಲ್ಲಿ ಮೊದಲನೆಯದು. ೧೯೬೪ರಲ್ಲಿ ಜಗತ್ತಿನ ವೈದ್ಯಸಂಘವು ಹೆಲ್ಸಿಂಕಿಯಲ್ಲಿ ಇದನ್ನು ವಿಸ್ತರಿಸಿ ಘೋಷಿಸಿತು. ಈಗ ಪರೀಕ್ಷೆಗೆ ಬರುವ ರೋಗಿಗೆ ಮೊದಲೇ ತಿಳಿಸತಕ್ಕದ್ದು: ನಿಮಗೆ ಔಷಧವೂ ದೊರೆಯಬಹುದು, ಹುಸಿಮದ್ದೂ ದೊರೆಯಬಹುದು, ಯಾವುದೆಂದು ನಿಮಗೂ ತಿಳಿಯದು, ನಮಗೂ ತಿಳಿಯದು, ಒಪ್ಪಿದರೆ ಸರಿ, ಒಪ್ಪದಿದ್ದರೂ ನಿಮ್ಮ ಚಿಕಿತ್ಸೆಗೆ ಕೊರತೆಯಿಲ್ಲ, ಬಯಸಿದಾಗ ಬಿಟ್ಟುಹೋಗಬಹುದು. ಅಪಾಯವುಂಟಾದರೆ ಆ ರೋಗಿಯ ಗುಟ್ಟನ್ನು ಒಡನೆಯೇ ಬಿಚ್ಚಿ ನೋಡುವ ಏರ್ಪಾಡಿರಬೇಕು. ಗಂಡಾಂತರದ ರೋಗಕ್ಕೆ ಗುಣಕೊಡುವ ಮದ್ದೊಂದು ಇದ್ದಾಗ ಅದನ್ನು ತಪ್ಪಿಸಿ ಹುಸಿಮದ್ದನ್ನು ಕೊಡಲಾಗದು. ಹೊಸ ಮದ್ದನ್ನು ಹಳೆಯ ಮದ್ದಿನೊಡನೆಯೇ ಹೋಲಿಸಬೇಕು. ನಮ್ಮ ದೇಶದಲ್ಲಿ ಇಂಥ ಪರೀಕ್ಷೆಗಳ ಸಾರ್ವಜನಿಕ ದಾಖಲೆಯು ೨೦೦೭ರಲ್ಲಿ ಆರಂಭವಾಗಿ, ೨೦೦೯ರಿಂದ ಕಡ್ಡಾಯವಾಯಿತು. ಯಾವ ಪರೀಕ್ಷೆಯಲ್ಲಿ ಯಾರ ಯಾರ ಕಣ್ಣನ್ನು ಕಟ್ಟಿದೆಯೆಂಬುದನ್ನು ಆ ದಾಖಲೆಯಲ್ಲಿ ಬರೆಯಲೇಬೇಕು. ಇಚ್ಛೆಯುಳ್ಳ ಗೃಹಸ್ಥರು ಯಾರಾದರೂ ಓದಿ ನೋಡಬಹುದು.

ಎಲ್ಲ ಪರೀಕ್ಷೆಗಳಲ್ಲಿಯೂ ಕಣ್ಪಟ್ಟಿಯು ನಿಲ್ಲುವುದಿಲ್ಲ. ವ್ಯಾಯಾಮವನ್ನೋ ಪಥ್ಯವನ್ನೋ ಪರೀಕ್ಷಿಸುವಾಗ ಮಾಡುವವನಿಗೆ ತಿಳಿಯದಂತೆ ಮಾಡಿಸುವುದು ಹೇಗೆ? ಔಷಧವು ಬಾಯಿಯನ್ನು ಒಣಗಿಸಿದರೆ ರೋಗಿಯು ಊಹಿಸಿಬಿಡುವನು. ಅಂಥಲ್ಲಿ ಅಳೆಯುವವನ ಕಣ್ಣನ್ನಾದರೂ ಕಟ್ಟಿರಬೇಕೆಂಬುದು ೧೯೪೮ರಿಂದ ಬಂದ ಪಾಠ.

ಗಾಂಧಾರಿಯು ಕಣ್ಣಿಗೆ ಬಟ್ಟೆಯನ್ನು ಕಟ್ಟಿಕೊಂಡುದು ಗಂಡನ ಕತ್ತಲೆಯಲ್ಲಿ ಪಾಲುಗೊಳ್ಳುವುದಕ್ಕಾಗಿ. ವೈದ್ಯನು ಕಟ್ಟಿಕೊಂಡುದೂ ಒಂದು ಬಗೆಯಲ್ಲಿ ಅದೇ. ಪಾಸ್ಸಿಯ ತೋಟದಲ್ಲಿ ಹುಡುಗನೊಬ್ಬನೇ ಕತ್ತಲೆಯಲ್ಲಿ ನಡೆದನು. ಬೆಳಕಿನಲ್ಲಿ ನಿಂತವರು ಅವನನ್ನು ನೋಡುತ್ತಿದ್ದರು. ಇಂದು ರೋಗಿಯು ತಿಳಿದು ಒಪ್ಪಿ ಆ ಕತ್ತಲೆಯನ್ನು ಹೊಗುತ್ತಾನೆ. ವೈದ್ಯನು ಅವನ ಜೊತೆಯಲ್ಲಿಯೇ ಹೊಗುತ್ತಾನೆ. ತನ್ನ ಕಣ್ಣಿನ ಮೇಲೆ ತನಗಿದ್ದ ಹೆಮ್ಮೆಯನ್ನು ಕೆಲಕಾಲ ಬಿಟ್ಟಿರಲು ಒಂದು ವಿದ್ಯೆಯು ಕಲಿತುದಕ್ಕೆ ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಹಾಗೆ ಬಿಟ್ಟುದರಿಂದ ಬದುಕಿದ ಜೀವಗಳನ್ನು ಎಣಿಸಿದರೆ, ಅದು ಆ ವಿದ್ಯೆಗೆ ಸೋಲಲ್ಲ, ಅದರ ಶೀಲವೆಂದೇ ಹೇಳಬೇಕು.